ಪಗಾರ ತಗೊಂಡವರಿಗೆ ಸನ್ಮಾನ ಯಾಕೆ?

ನಮ್ಮ ಹೈಸ್ಕೂಲಿನ ದಾಖಲಾತಿ ರಿಜಿಸ್ಟರುಗಳು ಮೂರಿವೆ. ಮೊಳದುದ್ದದ, ದಪ್ಪ ರಟ್ಟಿನ ಪುಸ್ತಕಗಳು. ಮೊದಲನೆಯದರ ಬೆನ್ನು ಹರಿದಿದೆ, ಯಾರೋ ಕೆಂಪು ಬಟ್ಟೆ ಹಚ್ಚಿ ಅಂಟಿಸಿದ್ದಾರೆ. 2024ರ ಜನವರಿಯಲ್ಲಿ ಎರಡು ಭಾನುವಾರ ನಾನು ಶಾಲೆಯ ಆಫೀಸಿನಲ್ಲಿ ಕೂತು ಆ ಮೂರನ್ನೂ ಮೊದಲಿಂದ ಕೊನೆವರೆಗೆ ಓದಿದೆ. ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ.

ನಮ್ಮದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಒಂದು ಹೋಬಳಿ ಊರಿನ ಸರ್ಕಾರಿ ಹೈಸ್ಕೂಲು. ಶುರುವಾದದ್ದು 1973ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು. ನಮ್ಮ ಶಾಲೆಗೂ ಕರ್ನಾಟಕಕ್ಕೂ ಒಂದೇ ವಯಸ್ಸು ಅಂತ ನಮ್ಮ ಹೆಡ್‌ಮಾಸ್ತರು ಪ್ರತಿ ರಾಜ್ಯೋತ್ಸವಕ್ಕೂ ಹೇಳುತ್ತಿದ್ದರು. ಐವತ್ತು ತುಂಬಿತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸುವರ್ಣ ಮಹೋತ್ಸವ ಮಾಡೋಣ, ಜೊತೆಗೆ ಗುರುವಂದನೆಯೂ ಆಗಲಿ ಅಂದರು. ಕೆಲಸ ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು ಸನ್ಮಾನಕ್ಕೆ ಹೆಸರು ಹುಡುಕುವುದು. ಆಮಂತ್ರಣ ಪತ್ರಿಕೆಯ ಸಾಲು ಆಗಲೇ ತಯಾರಿತ್ತು: ‘ಸಾಧನೆ ಮತ್ತು ಸೇವೆಗಾಗಿ ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನ.’ ಹೆಸರುಗಳು ಮಾತ್ರ ಇರಲಿಲ್ಲ.

ನಾನು ಈಗ ಕೊಪ್ಪಳದ ಹತ್ತಿರ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ರಿಜಿಸ್ಟರು ತುಂಬುವುದು ನನಗೆ ದಿನದ ಕೆಲಸ. ಆದರೆ ನಾನು ಓದಿದ ಶಾಲೆಯ ರಿಜಿಸ್ಟರು ಕೈಗೆ ಬಂದದ್ದು ಅದೇ ಮೊದಲು. 1993ರ ಪುಟದಲ್ಲಿ ನನ್ನ ಹೆಸರು ಸಿಕ್ಕಿತು. ಹುಟ್ಟಿದ ದಿನ ಜೂನ್ 1. ಮೇಲಿನ ಹುಡುಗಿಯದೂ ಜೂನ್ 1, ಕೆಳಗಿನ ಹುಡುಗನದೂ ಜೂನ್ 1. ನಮ್ಮ ಕಡೆ ಹುಟ್ಟಿದ ದಿನ ಯಾರೂ ಬರೆದಿಡುತ್ತಿರಲಿಲ್ಲ. ಒಂದನೇತ್ತೆಗೆ ಹಾಕುವಾಗ ಮಾಸ್ತರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಯಿತು ಅಂತ ಲೆಕ್ಕ. ಆಮೇಲೆ ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ತಂದೆಯ ಉದ್ಯೋಗ ಅನ್ನುವ ಕಡೆ ಒಕ್ಕಲುತನ, ಕೂಲಿ, ಒಕ್ಕಲುತನ, ಕೂಲಿ. ನಡುವೆ ಎಲ್ಲೋ ಒಂದು ಕಂಬಾರಿಕೆ. ಜಿಲ್ಲೆ ಅನ್ನುವ ಕಡೆ ರಾಯಚೂರು. ನಮ್ಮದು ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅದಕ್ಕಿಂತ ಒಂದು ವರ್ಷ ಹಳೆಯದು.

ಹೆಸರು ಹುಡುಕುವುದು ಮೊದಲು ಸುಲಭ ಅನ್ನಿಸಿತ್ತು. ಎಲ್ಲರಿಗೂ ಗೊತ್ತಿರುವ ಹೆಸರುಗಳು ಇದ್ದೇ ಇದ್ದವು. ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿರುವ ಡಾಕ್ಟರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಆಗಿರುವವರು. ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದವರು. ಒಬ್ಬರು ಕೆಎಎಸ್ ಅಧಿಕಾರಿ. ಬೆಂಗಳೂರಿನಲ್ಲಿ ಸ್ವಂತ ಕಂಪನಿ ನಡೆಸುತ್ತ ಶಾಲೆಗೆ ಶುದ್ಧ ನೀರಿನ ಘಟಕ ಹಾಕಿಸಿಕೊಟ್ಟವರು. ಇವರೆಲ್ಲ ಸನ್ಮಾನಕ್ಕೆ ತಕ್ಕವರೇ. ಯಾರ ಬಗ್ಗೆಯೂ ನನಗೆ ಎರಡು ಮಾತಿಲ್ಲ. ಕೂಲಿ ಅಂತ ಬರೆದ ಕಾಲಮ್ಮಿನಿಂದ ಎದ್ದು ಅಲ್ಲಿಗೆ ಹೋಗಿ ಮುಟ್ಟುವುದು ಎಷ್ಟು ಕಷ್ಟ ಅಂತ ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ.

ಆ ಕಷ್ಟಕ್ಕೆ ಹಳೆಯ ಬೇರಿದೆ. ಬಳ್ಳಾರಿ ಮದ್ರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ ಮಿಷನರಿಗಳ ವಾರ್ಡ್‌ಲಾ ಶಾಲೆ 1846ರಲ್ಲೇ ಶುರುವಾಯಿತು. ನಾವು ನಿಜಾಮರ ಕಡೆಯವರು. ಇಲ್ಲಿ ಸರ್ಕಾರಿ ಶಾಲೆಯ ಮಾತು ಉರ್ದು. ಕನ್ನಡದಲ್ಲಿ ಕಲಿಯಬೇಕು ಅಂದರೆ ಊರವರೇ ಶಾಲೆ ಕಟ್ಟಿಕೊಳ್ಳಬೇಕಿತ್ತು. ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಹುಟ್ಟಿದ್ದು ಹಾಗೆ, 1922ರಲ್ಲಿ. ರಾಯಚೂರಿನಲ್ಲಿ ಪಂಡಿತ್ ತಾರಾನಾಥರು ಒಂದು ಶಾಲೆ ಕಟ್ಟಿ ಅದಕ್ಕೆ ಹಮ್‌ದರ್ದ್ ಅಂತ ಹೆಸರಿಟ್ಟರು. ಇನ್ನೊಬ್ಬರ ನೋವಿನಲ್ಲಿ ಪಾಲು ತೆಗೆದುಕೊಳ್ಳುವವರು ಅಂತ ಆ ಮಾತಿನ ಅರ್ಥ. ಒಂದು ಶಾಲೆಗೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಗೊತ್ತಿಲ್ಲ.

ನಮ್ಮ ಕಡೆಯ ದೊಡ್ಡವರ ಮಾತು ಬಂದರೆ ಮೊದಲು ಸಿದ್ದಯ್ಯ ಪುರಾಣಿಕರ ಹೆಸರು ಬರುತ್ತದೆ. ಹುಟ್ಟಿದ್ದು 1918, ದ್ಯಾಂಪುರದಲ್ಲಿ. ನಮ್ಮಲ್ಲಿಂದ ದೂರದ ಊರಲ್ಲ. ಅದೇ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಹುಟ್ಟಿತು. ಪಾಠ ಉರ್ದುವಿನಲ್ಲಿ. ಮುಂದೆ ಈ ದ್ಯಾಂಪುರದ ಹುಡುಗ ಅಲ್ಲೇ ಹೋಗಿ ಪದವಿ ಪಡೆದರು, ಅಧಿಕಾರಿಯಾದರು, ಕಾವ್ಯಾನಂದ ಅನ್ನುವ ಹೆಸರಿನಲ್ಲಿ ಕನ್ನಡ ಬರೆದರು. 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಂಥವರು ಒಬ್ಬರು ಹೋದ ದಾರಿಯಲ್ಲಿ ಎಷ್ಟು ಜನ ಹೋಗಲಾರದೆ ಉಳಿದರು ಅಂತ ಯೋಚನೆ ಬರುತ್ತದೆ. ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಮ್ಮ ಹೋಬಳಿಗೆ ಹೈಸ್ಕೂಲು ಬರಲು ಮತ್ತೆ ಹದಿನೇಳು ವರ್ಷ ಬೇಕಾಯಿತು. 2011ರ ಜನಗಣತಿ ಹೊತ್ತಿಗೂ ಕೊಪ್ಪಳ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ 68 ಜನ. ಹೆಂಗಸರನ್ನಷ್ಟೇ ಎಣಿಸಿದರೆ 58 ಕೂಡ ತುಂಬುವುದಿಲ್ಲ.

ರಿಜಿಸ್ಟರಿಗೆ ಮರಳುತ್ತೇನೆ. ಎರಡನೇ ಭಾನುವಾರ ಮಧ್ಯಾಹ್ನ, ಸುಮ್ನೆ ಕುತೂಹಲಕ್ಕೆ, ನನ್ನೂರಿನ ಹುಡುಗಿಯರನ್ನು ಎಣಿಸತೊಡಗಿದೆ. ನನ್ನೂರು ಹೋಬಳಿಯಿಂದ ಹನ್ನೊಂದು ಕಿಲೋಮೀಟರು ದೂರ. 1973ರಿಂದ 1987ರವರೆಗೆ ಹದಿನೈದು ವರ್ಷ ಪುಟ ಹೊರಳಿಸಿದರೂ ಸಿಕ್ಕಿದ್ದು ಇಬ್ಬರೇ. ಅವರಲ್ಲಿ ಒಬ್ಬರು ಹೋಬಳಿಯಲ್ಲೇ ಸೋದರಮಾವನ ಮನೆಯಲ್ಲಿ ಇದ್ದು ಓದಿದವರು. 1988ರ ಪುಟಕ್ಕೆ ಬಂದೆ. ಒಂದೇ ವರ್ಷ ನಾಲ್ಕು ಜನ. ಮರುವರ್ಷ ಆರು. ಆಮೇಲೆ ಪ್ರತಿ ವರ್ಷ ಇದ್ದೇ ಇದ್ದಾರೆ. ನಾನೂ ಆ ಸಾಲಿನಲ್ಲಿದ್ದೇನೆ.

1988ಕ್ಕೆ ಏನಾಯಿತು? ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟದ್ದು 2006ರಲ್ಲಿ. ಶಾಲೆಯಲ್ಲಿ ಬಿಸಿಯೂಟ ಬಂದದ್ದು 2002ರಲ್ಲಿ, ಅದೂ ಮೊದಲು ಪ್ರಾಥಮಿಕ ಶಾಲೆಗೆ. ಹೆಂಗಸರಿಗೆ ಪುಕ್ಕಟೆ ಬಸ್ಸು ಬಂದದ್ದು ಈಚೆಗೆ, 2023ರ ಜೂನ್‌ನಲ್ಲಿ. 1988ರಲ್ಲಿ ಸರ್ಕಾರದ್ದು ಅಂಥದ್ದೇನೂ ಇರಲಿಲ್ಲ.

ಉತ್ತರ ನನಗೆ ಗೊತ್ತಿತ್ತು. ಕಾಗದದ ಮೇಲೆ ಕಂಡಿರಲಿಲ್ಲ, ಅಷ್ಟೇ. ಆ ವರ್ಷ ನಮ್ಮೂರಿಗೆ ವಸ್ತಿ ಬಸ್ಸು ಬಂತು.

ವಸ್ತಿ ಬಸ್ಸು ಅಂದರೆ ಬೇರೆ ಕಡೆಯವರಿಗೆ ತಿಳಿಯಲಿಕ್ಕಿಲ್ಲ. ರಾತ್ರಿ ಕೊನೆಯ ಟ್ರಿಪ್ಪಿಗೆ ಊರಿಗೆ ಬಂದು ಅಲ್ಲೇ ಉಳಿದು, ಬೆಳಗ್ಗೆ ಅಲ್ಲಿಂದಲೇ ಹೊರಡುವ ಬಸ್ಸು. ನಮ್ಮೂರಿಗೆ ರಾತ್ರಿ ಎಂಟೂವರೆಗೆ ಬರುತ್ತಿತ್ತು. ಹನುಮಪ್ಪನ ಗುಡಿಯ ಮುಂದೆ ನಿಲ್ಲುತ್ತಿತ್ತು. ಡ್ರೈವರು, ಕಂಡಕ್ಟರು ಗುಡಿ ಕಟ್ಟೆಯ ಮೇಲೆ ಮಲಗುತ್ತಿದ್ದರು. ಮಳೆ ಬಂದರೆ ಬಸ್ಸಿನೊಳಗೆ, ಸೀಟಿನ ಮೇಲೆ. ಊರವರು ಪಾಳಿ ಪ್ರಕಾರ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಡುತ್ತಿದ್ದರು. ನಮ್ಮ ಮನೆಯ ಪಾಳಿ ಬಂದರೆ ನಾನೇ ಬುತ್ತಿ ಒಯ್ಯುತ್ತಿದ್ದೆ. ಬೆಳಗ್ಗೆ ಏಳಕ್ಕೆ ಬಸ್ಸು ಬಿಡುತ್ತಿತ್ತು. ಏಳೂವರೆಗೆ ನಾವು ಹೈಸ್ಕೂಲಿನ ಗೇಟಿನಲ್ಲಿ. ಶಾಲೆ ಶುರುವಾಗುವುದು ಹತ್ತಕ್ಕೆ. ನಡುವಿನ ಎರಡೂವರೆ ತಾಸು ಪಡಸಾಲೆಯಲ್ಲಿ ಕೂತು ಓದುತ್ತಿದ್ದೆವು. ಮನೆಯಲ್ಲಿದ್ದರೆ ಆ ಎರಡೂವರೆ ತಾಸು ನೀರು ತರುವುದು, ಸಗಣಿ ಬಾಚುವುದು, ತಮ್ಮನನ್ನು ಎತ್ತಿಕೊಳ್ಳುವುದು. ಗಣಿತ ನನಗೆ ತಲೆಗೆ ಹತ್ತಿದ್ದು ಆ ಪಡಸಾಲೆಯಲ್ಲೇ. ಸಂಜೆ ಐದೂವರೆಗೆ ಅದೇ ಬಸ್ಸು ನಮ್ಮನ್ನು ಊರು ಮುಟ್ಟಿಸುತ್ತಿತ್ತು.

ಹುಡುಗರು ನಡೆದು ಹೋಗುತ್ತಿದ್ದರು, ಟಂಟಂಗೆ ಜೋತು ಬೀಳುತ್ತಿದ್ದರು. ಹುಡುಗಿಯರಿಗೆ ಅದು ಸಾಧ್ಯವಿರಲಿಲ್ಲ. ಬಸ್ಸು ಇದ್ದರೆ ಹೈಸ್ಕೂಲು, ಇಲ್ಲದಿದ್ದರೆ ಏಳನೇತ್ತೆಗೆ ಮುಗಿಯಿತು. ನಮ್ಮಪ್ಪ ನನ್ನನ್ನು ಎಂಟನೇತ್ತೆಗೆ ಹಾಕುವಾಗ ಕೇಳಿದ್ದು ಮಾಸ್ತರರನ್ನಲ್ಲ. ರಾತ್ರಿ ಗುಡಿ ಕಟ್ಟೆಗೆ ಹೋಗಿ ಡ್ರೈವರನ್ನು ಕೇಳಿದ. ‘ಮುಂಜಾನಿ ತಪ್ಪಿಸೂದಿಲ್ಲಲ್ರಿ?’ ಅಂತ. ‘ನಾ ಇರೂತನಕ ತಪ್ಪೂದಿಲ್ಲ’ ಅಂದರಂತೆ ಅವರು.

ಅವರನ್ನು ನಾವೆಲ್ಲ ಡ್ರೈವರ್ ಕಾಕಾ ಅನ್ನುತ್ತಿದ್ದೆವು. ಹಣೆಗೆ ವಿಭೂತಿ, ಖಾಕಿ ಅಂಗಿ, ಹೆಗಲ ಮೇಲೆ ಒಂದು ಟವೆಲ್ಲು. ಮಾತು ಕಡಿಮೆ. ಒಬ್ಬಳು ಬಂದಿಲ್ಲ ಅಂದರೆ ಗೊತ್ತಾಗಿಬಿಡುತ್ತಿತ್ತು. ಹಾರ್ನ್ ಹೊಡೆದು ನಿಲ್ಲುತ್ತಿದ್ದರು. ಎರಡು ದಿನ ಬರದಿದ್ದರೆ ರಾತ್ರಿ ಅವಳ ಮನೆಯ ಕಡೆ ಹೋಗಿ ‘ಹುಡುಗಿಗೆ ಆರಾಮಿಲ್ಲೇನು?’ ಅಂತ ಕೇಳುತ್ತಿದ್ದರು. ಅಷ್ಟೇ. ಬುದ್ಧಿ ಹೇಳುತ್ತಿರಲಿಲ್ಲ. ಆದರೆ ಬಸ್ಸಿನ ಡ್ರೈವರೇ ಮನೆಗೆ ಬಂದು ಕೇಳಿದ ಮೇಲೆ ಮೂರನೇ ದಿನ ಹುಡುಗಿ ಬಸ್ಸಿನಲ್ಲಿ ಇರುತ್ತಿದ್ದಳು.

ಇದೆಲ್ಲ ನೆನಪಾಗುತ್ತಿದ್ದಾಗಲೇ ಮೊದಲ ರಿಜಿಸ್ಟರು ಮತ್ತೆ ತೆರೆದೆ. ಕಾಕಾನೂ ಇದೇ ಶಾಲೆಯಲ್ಲಿ ಓದಿದ್ದು ಅಂತ ಯಾವಾಗಲೋ ಕೇಳಿದ್ದೆ. 1976ರ ಪುಟದಲ್ಲಿ ಸಿಕ್ಕರು. ನಮ್ಮೂರಿನ ಆಚೆಯ ಊರು. ತಂದೆಯ ಉದ್ಯೋಗ ಕೂಲಿ. ಹುಟ್ಟಿದ್ದು 1963ರ ಜೂನ್ 1. ಕೊನೆಯ ಕಾಲಮ್ಮಿನಲ್ಲಿ ಎಸ್ಸೆಸ್ಸೆಲ್ಸಿ, 1979. ಅವರು ಹಳೆಯ ವಿದ್ಯಾರ್ಥಿ. ಅವರು ಮಾಡಿದ್ದು ಸೇವೆ. ನನ್ನ ಪಟ್ಟಿಯಲ್ಲಿ ಆವರೆಗೆ ಹನ್ನೊಂದು ಹೆಸರಿದ್ದವು, ಅವುಗಳಲ್ಲಿ ಅವರದಿರಲಿಲ್ಲ. ಅವರ ಬಸ್ಸಿನಲ್ಲಿ ಮೂರು ವರ್ಷ ಕೂತು ಓದಿದ ನನಗೇ ಹೊಳೆದಿರಲಿಲ್ಲ. ಆ ಮಧ್ಯಾಹ್ನ ಬಹಳ ಹೊತ್ತು ಆ ಪುಟದ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಸಭೆಯಲ್ಲಿ ಹೆಸರು ಹೇಳಿದೆ. ಒಬ್ಬ ಹಿರಿಯರು, ಮೊದಲ ಬ್ಯಾಚಿನವರು, ಸಂಘಕ್ಕಾಗಿ ಹಗಲು ರಾತ್ರಿ ಓಡಾಡಿದವರು, ನಿಧಾನವಾಗಿ ಕೇಳಿದರು. ‘ಅವ ಮನಷ್ಯಾ ಚಲೋ. ನಾ ಇಲ್ಲ ಅನ್ನೂದಿಲ್ಲ. ಆದ್ರ ತಂಗಿ, ಪಗಾರ ತಗೊಂಡು ಮಾಡಿದ ಕೆಲಸಕ್ಕ ಸನ್ಮಾನ ಯಾಕ?’

ಅದು ಕೆಟ್ಟ ಮನಸ್ಸಿನ ಪ್ರಶ್ನೆ ಆಗಿರಲಿಲ್ಲ. ಅವರು ನಿಜವಾಗಿ ಕೇಳಿದರು. ನಾನೂ ನಿಜವಾಗಿ ಯೋಚಿಸಿದೆ. ಮತ್ತೆ ನಮ್ಮ ಪಟ್ಟಿ ನೋಡಿದೆ. ಡಾಕ್ಟರಿಗೆ ಪಗಾರ ಇದೆ. ವಿಜ್ಞಾನಿಗೆ, ಸುಬೇದಾರರಿಗೆ, ಅಧಿಕಾರಿಗೆ ಎಲ್ಲರಿಗೂ ಇದೆ, ಡ್ರೈವರಿನದಕ್ಕಿಂತ ಜಾಸ್ತಿಯೇ ಇದೆ. ಅವರ ಹೆಸರು ಬಂದಾಗ ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಪಗಾರ ದೊಡ್ಡದಾದಷ್ಟೂ ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಂತ ಕಾಣುತ್ತದೆ. ಇದನ್ನೇ ಹೇಳಿದೆ. ಹಿರಿಯರು ತಲೆ ಆಡಿಸಿದರು. ಇನ್ನೊಬ್ಬರು ಅಂದರು: ‘ಅವರದು ಪರೀಕ್ಷೆ ಗೆದ್ದು ಬಂದ ಕೆಲಸ ಅಕ್ಕಾರ. ಅದು ಸಾಧನೆ.’

ಆ ಮಾತಿನಲ್ಲೂ ಸತ್ಯ ಇದೆ. ಸಾಧನೆ, ಸೇವೆ ಎರಡನ್ನೂ ಆಮಂತ್ರಣದಲ್ಲಿ ನಾವು ಒಂದೇ ಉಸಿರಿನಲ್ಲಿ ಬರೆಯುತ್ತೇವೆ. ಆದರೆ ಹುಡುಕುವಾಗ ಒಂದನ್ನಷ್ಟೇ ಹುಡುಕುತ್ತೇವೆ, ಯಾಕೆಂದರೆ ಅದು ಕಾಗದದ ಮೇಲೆ ಸಿಗುತ್ತದೆ. ಅಂಕ, ಪದವಿ, ಹುದ್ದೆ. ಸಾಧಿಸಿದವರನ್ನು ಕೇಳಿದರೆ ಅವರೇ ಹೇಳುತ್ತಾರೆ. ಸೇವೆ ಹಾಗೆ ಸಿಗುವುದಿಲ್ಲ. ಮಾಡಿದವರನ್ನು ಕೇಳಿದರೆ ಏನೂ ಮಾಡಿಲ್ಲ ಅನ್ನುತ್ತಾರೆ. ಪಡೆದವರ ಮನೆಗೆ ಹೋಗಿ ಕೇಳಬೇಕು. ಅದಕ್ಕೆ ಹೊತ್ತು ಬೇಕು, ಅಲ್ವಾ?

ಆ ದಿನ ನನಗೆ ನೆರವಿಗೆ ಬಂದದ್ದು ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರ ಹೆಸರು. ಕೊಪ್ಪಳದ ಪಕ್ಕದ ಊರು ಕುಣಿಕೇರಿ. ಅವರು ತಮ್ಮ ಎರಡು ಎಕರೆ ಹೊಲವನ್ನು ಸರ್ಕಾರಿ ಶಾಲೆಗೆ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ನಾವು ಸಭೆ ಸೇರಿದಾಗ ಅದು ಎರಡು ತಿಂಗಳ ಹಿಂದಿನ ಸುದ್ದಿ. ‘ರಾಜ್ಯವೇ ಅಡುಗೆ ಮಾಡಿದ ಕೈಯನ್ನು ಗುರುತಿಸಿದೆ, ನಾವು ಸ್ಟಿಯರಿಂಗ್ ಹಿಡಿದ ಕೈ ಗುರುತಿಸಬಾರದೇ?’ ಅಂದೆ. ಮುಂದೆ 2025ರಲ್ಲಿ ನಮ್ಮದೇ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯ ಭೀಮವ್ವಜ್ಜಿಗೆ ಪದ್ಮಶ್ರೀ ಬಂದಾಗ ಆ ಹಿರಿಯರು ಬೆಳಗ್ಗೆ ಬೆಳಗ್ಗೆ ನನಗೇ ಮೊದಲು ಫೋನ್ ಮಾಡಿದರು. ಆಗ ಅಜ್ಜಿಗೆ ತೊಂಬತ್ತು ದಾಟಿತ್ತು. ಸುದ್ದಿ ಹೇಳುವಾಗ ಹಿರಿಯರ ದನಿ ತುಂಬಿ ಬಂದಿತ್ತು.

ಸಭೆ ಒಪ್ಪಿತು. ಇನ್ನು ಕಾಕಾ ಒಪ್ಪಬೇಕಿತ್ತು.

ಅವರ ಊರಿಗೆ ಹೋದೆ. ಕಡಲೆ ಕೀಳುವ ಕಾಲ. ಅಂಗಳದಲ್ಲಿ ಕಡಲೆ ರಾಶಿಯ ಪಕ್ಕ ಕೂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. 2023ರ ಮೇ 31ಕ್ಕೆ ನಿವೃತ್ತಿ ಆಗಿತ್ತು. ಜೂನ್ 1ರ ಹುಟ್ಟುಹಬ್ಬದ ಲೆಕ್ಕ. ಅದಾಗಿ ಹನ್ನೊಂದನೇ ದಿನಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಂದ ತುಂಬಿದ ಆ ಪುಕ್ಕಟೆ ಬಸ್ಸನ್ನು ಒಂದು ದಿನವಾದರೂ ಹೊಡೆಯಬೇಕಿತ್ತು ಅನ್ನುವುದೊಂದೇ ಅವರ ಆಸೆ ಉಳಿದದ್ದು. ಅವರು ಡ್ಯೂಟಿಗೆ ಸೇರಿದಾಗ ಇಡೀ ರಾಜ್ಯಕ್ಕೆ ಒಂದೇ ಸಾರಿಗೆ ಸಂಸ್ಥೆ. 2000ದಲ್ಲಿ ನಮ್ಮದು ಈಶಾನ್ಯ ಅಂತ ಬೇರೆಯಾಯಿತು, ಈಗ ಕಲ್ಯಾಣ ಕರ್ನಾಟಕ. ಬಸ್ಸಿನ ಮೈಮೇಲಿನ ಹೆಸರು ಎರಡು ಸಲ ಬದಲಾದರೂ ಆ ರಸ್ತೆಯಲ್ಲಿ ಓಡಾಡಿದವರು ಇವರೇ.

ಬಂದ ಕಾರಣ ಹೇಳಿದೆ. ಕೈಯಲ್ಲಿದ್ದ ಕಡಲೆ ಕೆಳಗಿಟ್ಟರು.

‘ನಾ ಏನ್ ಮಾಡೀನವ್ವಾ? ಬಸ್ ಹೊಡದೀನಿ. ಅದಕ್ಕ ಪಗಾರ ಕೊಟ್ಟಾರ. ಮತ್ತ ಶಾಲು ಯಾಕ?’

ಹಿರಿಯರು ಕೇಳಿದ ಪ್ರಶ್ನೆಯೇ, ಅದೇ ಮಾತಿನಲ್ಲಿ. ಒಂದು ವಾರ ತಯಾರಿ ಮಾಡಿಕೊಂಡಿದ್ದ ಉತ್ತರವೆಲ್ಲ ಅವರ ಮುಂದೆ ಬಾಯಿಗೆ ಬರಲಿಲ್ಲ. ಹೊರಗಿನವರು ಕೇಳಿದಾಗ ವಾದ ಮಾಡಬಹುದು. ಮಾಡಿದವರೇ ಕೇಳಿದರೆ ಏನು ಹೇಳುವುದು? ಚಹಾ ಕುಡಿದು ಎದ್ದೆ.

ಬರುವಾಗ ಅವರ ಜೊತೆ ಬಹಳ ವರ್ಷ ಇದ್ದ ಕಂಡಕ್ಟರ್ ಅವರ ಮನೆಗೆ ಹೋದೆ. ಅವರೂ ನಿವೃತ್ತರು. ಜೂನ್, ಜುಲೈ ತಿಂಗಳಲ್ಲಿ ಪಾಸು ಇನ್ನೂ ಕೈಗೆ ಬಂದಿರದಿದ್ದಾಗ ನಮ್ಮನ್ನು ಕೆಳಗೆ ಇಳಿಸದೆ ಕರೆದುಕೊಂಡು ಹೋಗುತ್ತಿದ್ದವರು. ಅವರು ಹೇಳಿದ ಒಂದು ವಿಷಯ ನನಗೆ ಗೊತ್ತಿರಲಿಲ್ಲ.

‘ನಿಮ್ಮೂರ ವಸ್ತಿ ಯಾರೂ ಒಲ್ಲೆ ಅಂತಿದ್ರಿ ಅವ್ವಾರ. ಮಲಗಾಕ ಜಾಗ ಇಲ್ಲ, ಸೊಳ್ಳಿ, ಮನಿ ಬಿಟ್ಟು ಇರಬೇಕು. ಡಿಪೋದಾಗ ಡ್ಯೂಟಿ ಬದಲಿ ಮಾಡುವಾಗೆಲ್ಲ ಎಲ್ಲಾರೂ ಬ್ಯಾರೆ ಕೇಳವ್ರು. ಇವ್ರು ಅದನ್ನ ಕೇಳಿ ಹಾಕಿಸಿಕೊಳ್ಳವ್ರು. ಜೋಡಿ ನನ್ನೂ ಎಳಕೊಂಡು ಬರ್ತಿದ್ರು. ಪರೀಕ್ಷಾ ದಿನ ಇವ್ರ ಪಾಳಿ ಇರಲಿಲ್ಲಂದ್ರ ಇನ್ನೊಬ್ರ ಕೂಡ ಅದಲು ಬದಲು ಮಾಡ್ಕೊಂಡು ಬರ್ತಿದ್ರು.’

‘ಯಾಕ್ರಿ?’ ಅಂದೆ.

‘ಅವ್ರ ತಂಗಿ ಏಳನೇತ್ತಕ್ಕ ಬಿಟ್ಳ್ರಿ. ಶಾಣ್ಯಾ ಇದ್ಳಂತ. ಇವ್ರು ನಡಕೊಂಡು ಹೋಗಿ ಹತ್ತನೇತ್ತ ಮುಗಿಸಿದ್ರು. ಆಕೀನ ಯಾರು ನಡಸ್ತಾರ್ರಿ?’

ಮರುದಿನ ಮತ್ತೆ ರಿಜಿಸ್ಟರು ನೋಡಿದೆ. 1976ರಿಂದ ಮುಂದಿನ ಐದು ವರ್ಷದ ಪುಟ. ಆ ಮನೆತನದ ಹೆಸರಿನ ಹುಡುಗಿ ಇಲ್ಲ. ಇರಲಿಕ್ಕೆ ಸಾಧ್ಯವೂ ಇರಲಿಲ್ಲ.

ಪಗಾರದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಬಸ್ಸು ಹೊಡೆದದ್ದಕ್ಕೆ ಪಗಾರ ಬಂತು. ಬೇಡವಾದ ರಸ್ತೆಯನ್ನು ಪ್ರತಿ ಸಲ ಕೇಳಿ ಪಡೆದದ್ದಕ್ಕೆ, ಗುಡಿ ಕಟ್ಟೆಯಲ್ಲಿ ಮಲಗಿದ ಅಷ್ಟು ವರ್ಷಕ್ಕೆ, ರಾತ್ರಿ ಹೋಗಿ ಹುಡುಗಿಗೆ ಆರಾಮಿಲ್ಲೇನು ಅಂತ ಕೇಳಿದ್ದಕ್ಕೆ ಯಾವ ಪಗಾರವೂ ಇರಲಿಲ್ಲ. ಡಾಕ್ಟರಿಗೂ ಇದೇ ಮಾತು. ಅವರನ್ನು ನಾವು ಕರೆದದ್ದು ಎಂಬಿಬಿಎಸ್‌ಗಾಗಿ ಅಂತ ನಾನು ಅಂದುಕೊಂಡಿದ್ದೆ. ಪಟ್ಟಣಕ್ಕೆ ವರ್ಗ ಬಂದಾಗಲೂ ಹೋಗದೆ ಇಲ್ಲೇ ಉಳಿದರಲ್ಲ, ಅದಕ್ಕಾಗಿ ಕರೆಯಬೇಕಿತ್ತು. ಆಮೇಲೆ ಅವರ ಪರಿಚಯದ ಸಾಲನ್ನೂ ತಿದ್ದಿ ಬರೆದೆ.

ಕಂಡಕ್ಟರ್ ಅವರನ್ನೂ ಕರೆದರೆ ಬರುತ್ತೇನೆ ಅಂತ ಕಾಕಾ ಹೇಳಿ ಕಳಿಸಿದರು. ಕಂಡಕ್ಟರು ನಮ್ಮ ಶಾಲೆಯವರಲ್ಲ. ಆದರೂ ಕರೆದೆವು.

ಕಾಕಾನ ಅಭಿನಂದನಾ ಪತ್ರ ಬರೆಯಲು ನನಗೆ ಬಹಳ ಕಷ್ಟವಾಯಿತು. ದೊಡ್ಡ ಮಾತು ಬರೆದರೆ ಅವರಿಗೆ ಹೊಂದುವುದಿಲ್ಲ. ಕೊನೆಗೆ ಎಲ್ಲ ಹರಿದು ಹಾಕಿ, ಆ ರಸ್ತೆಯಿಂದ ಬಂದು ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರ ಹೆಸರುಗಳನ್ನು ರಿಜಿಸ್ಟರಿನಿಂದ ಇಳಿಸಿದೆ. ಹೆಸರು, ಊರು, ಪಾಸಾದ ವರ್ಷ. ಬೇರೆ ಏನೂ ಇಲ್ಲ.

ಫೆಬ್ರುವರಿಯ ಒಂದು ಭಾನುವಾರ ಕಾರ್ಯಕ್ರಮ ಆಯಿತು. ಶಾಮಿಯಾನ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಎಲ್ಲ ಆಗುವ ಹಾಗೆಯೇ ಆಯಿತು. ನಮ್ಮ ಹಳೆಯ ಮಾಸ್ತರರ ಪಾದ ತೊಳೆದು ಹೂವಿಟ್ಟೆವು. ಕಾಕಾನ ಸರದಿ ಬಂದಾಗ ನಿರೂಪಣೆ ಮಾಡುತ್ತಿದ್ದ ಹುಡುಗ ಹೆಸರುಗಳನ್ನು ಓದತೊಡಗಿದ. 1991ರಿಂದ ಶುರು. ಒಂದೊಂದು ಹೆಸರಿಗೂ ಶಾಮಿಯಾನದ ಒಂದೊಂದು ಮೂಲೆಯಿಂದ ಹೆಂಗಸರು ಎದ್ದು ನಿಂತರು. ಯಾರೂ ಹೇಳಿಕೊಟ್ಟಿರಲಿಲ್ಲ. ನರ್ಸು, ಅಂಗನವಾಡಿ ಟೀಚರು, ಗ್ರಾಮ ಪಂಚಾಯತಿಯ ಕಾರ್ಯದರ್ಶಿ, ಹೊಲ ಮಾಡುವವರು, ಮಕ್ಕಳನ್ನು ಓದಿಸುತ್ತಿರುವ ತಾಯಂದಿರು. 1996ಕ್ಕೆ ನಾನು ಎದ್ದೆ. ಕಾಕಾ ಶಾಲು ಹೊದ್ದುಕೊಂಡು ವೇದಿಕೆಯ ಮೇಲೆ ನಿಂತಿದ್ದರು. ತಲೆ ಬಗ್ಗಿಸಿ ಬೆರಳಲ್ಲಿ ಏನೋ ಎಣಿಸುತ್ತಿದ್ದರು. ನನಗೆ ಆಗ ತಿಳಿಯಲಿಲ್ಲ.

ಊಟದ ಪಂಕ್ತಿಯಲ್ಲಿ ನನ್ನನ್ನು ಕರೆದರು.

‘ಒಂದ್ ಹೆಸರು ಬಿಟ್ಟೀಯವ್ವಾ.’

ಬಿಟ್ಟಿರಲು ಸಾಧ್ಯವಿಲ್ಲ ಅಂದೆ. ಎರಡು ಸಲ ನೋಡಿದ್ದೆ.

‘ಬನ್ನಿಗಿಡದ ಸ್ಟಾಪಿನ ಹುಡುಗಿ. ನಿನಕಿಂತ ಎರಡು ವರ್ಷ ಸಣ್ಣಾಕಿ. ಎರಡು ಜಡಿ ಹಾಕ್ಕೊಂಡು ಬರ್ತಿದ್ಳು. ಕನ್ನಡ ಪೇಪರ್ ಇದ್ದ ದಿನ ಬರಲಿಲ್ಲ. ಹಾರ್ನ್ ಹೊಡದೆ. ಹತ್ತು ನಿಮಿಷ ನಿಂತೆ. ಬಸ್ಸಿನಾಗ ಉಳದ ಹುಡುಗ್ಯಾರು ಅಳಾಕ ಹತ್ತಿದ್ರು, ಕಾಕಾ ಹೊತ್ತಾಕ್ಕೈತಿ ಅಂತ. ಬಿಟ್ಟೆ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಳದು ಹೋಗಿ ಕರಕೊಂಡು ಬರಬೇಕಿತ್ತು. ಮನಿ ಅಲ್ಲೇ ಕಾಣ್ತಿತ್ತು.’

ನಾನು ಪಾಸಾದವರನ್ನಷ್ಟೇ ಬರೆದಿದ್ದೆ.

ಆ ಸಂಜೆ, ಶಾಮಿಯಾನ ಬಿಚ್ಚುತ್ತಿದ್ದಾಗ, ಮೂರನೇ ರಿಜಿಸ್ಟರು ತೆಗೆಸಿದೆ. 1995ರಲ್ಲಿ ಎಂಟನೇತ್ತೆಗೆ ಸೇರಿದವಳು. ಕೊನೆಯ ಕಾಲಮ್ಮಿನಲ್ಲಿ ‘ಮಾರ್ಚ್ 1998, ಪರೀಕ್ಷೆಗೆ ಗೈರು’. ಆಮೇಲೆ ಟಿ.ಸಿ. ಒಯ್ದ ಗುರುತೂ ಇಲ್ಲ. ಅಂದರೆ ಅವಳ ಟಿ.ಸಿ. ಇನ್ನೂ ಶಾಲೆಯಲ್ಲೇ ಇದೆ. ಅವಳ ಅಣ್ಣನ ಕಡೆಯಿಂದ ನಂಬರು ಸಿಕ್ಕಿತು. ಗಂಡನ ಜೊತೆ ಮಂಗಳೂರಿಗೆ ಗುಳೆ ಹೋಗಿ ಅಲ್ಲೇ ಉಳಿದಿದ್ದಾಳೆ. ಕಟ್ಟಡದ ಕೆಲಸ. ಮಗಳು ಪಿಯುಸಿ ಓದುತ್ತಿದ್ದಾಳೆ.

ನಾನು ಯಾರು ಅಂತ ಹೇಳಿದೆ. ಗುರುತು ಹಿಡಿದಳು. ಕಾರ್ಯಕ್ರಮದ ಬಗ್ಗೆ ಹೇಳಿದೆ. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವಳ ಹೆಸರು ಸೇರಿಸುತ್ತೇವೆ, ಮುಂದಿನ ವರ್ಷ ಬರಬೇಕು ಅಂದೆ. ‘ನಾ ಪಾಸ್ ಆಗಿಲ್ಲಲ್ರಿ ಅಕ್ಕಾ’ ಅಂದಳು. ರಿಜಿಸ್ಟರಿನಲ್ಲಿ ಹೆಸರಿದ್ದವರೆಲ್ಲ ಹಳೆಯ ವಿದ್ಯಾರ್ಥಿಗಳೇ ಅಂದೆ. ಆಮೇಲೆ ಕಾಕಾ ಕೇಳಿದ್ದನ್ನು ಹೇಳಿದೆ. ಹತ್ತು ನಿಮಿಷ ನಿಂತಿದ್ದರಂತೆ ಅಂದೆ.

ಆ ಕಡೆ ಯಾವುದೋ ಮಷಿನ್ ತಿರುಗುವ ಸದ್ದು. ಅವಳು ಅದರಿಂದ ದೂರ ನಡೆದು ಬಂದಳು ಅಂತ ಕಾಣುತ್ತದೆ, ಸದ್ದು ಕಡಿಮೆಯಾಯಿತು.

‘ಗೊತ್ರಿ ಅಕ್ಕಾ. ನೋಡಾಕ ಬಂದಿದ್ರು ಅವತ್ತ. ಸೀರಿ ಉಡಿಸಿ ಒಳಗ ಕುಂದ್ರಿಸಿದ್ರು. ಹಾರ್ನ್ ಕೇಳಿಸಿತ್ತು. ಮೂರು ಸಲ ಹೊಡದ್ರು.’